ಟೆಲಿಫೋನಿನಲ್ಲಿ ಬಂದ ಕೆಮ್ಮು

“ಇಲ್ಲಿ ಕೇಳು ದುರ್ಗಾ, ಪ್ರಯಾಣ ಅನ್ನೋದೇ ಒಂದು ಕಾಯಿಲೆ. ವಿಶಾಖಪಟ್ಟಣದಲ್ಲಿ ರೈಲು ಹತ್ತಿ ವಿಜಯವಾಡದಲ್ಲಿ ಇಳಿಯೋ ಹೊತ್ತಿಗೆ ನಿನ್ನ ಕಾಲು ಬಾತಿರುತ್ತೆ, ನನ್ನ ಸೊಂಟ ಹಿಡ್ಕೊಂಡಿರುತ್ತೆ. ಕಿಟಕಿ ಪಕ್ಕ ಕೂತ್ರೆ ಕಣ್ಣಿಗೆ ಕಸ, ಒಳಗೆ ಕೂತ್ರೆ ಪಕ್ಕದವರ ನಿದ್ದೆ ನಮ್ಮ ಭುಜದ ಮೇಲೆ. ಅಷ್ಟೆಲ್ಲ ಕಷ್ಟಪಟ್ಟು ಹೋಗಿ ಮಗಳನ್ನ ಏನು ಕೇಳ್ತೀಯ? ಚೆನ್ನಾಗಿದೀಯಾ ಅಂತ. ಅದನ್ನ ನಾನು ಈ ಕುರ್ಚಿ ಬಿಟ್ಟು ಏಳದೆ ಕೇಳಿದೆ. ಚೆನ್ನಾಗಿದೀನಿ ಅಂದಳು. ಮಗು ಹೇಗಿದೆ ಅಂದೆ. ಚೆನ್ನಾಗಿದೆ ಅಂದಳು. ಮುಗೀತು. ಇನ್ನು ಹೋಗೋದು ಯಾಕೆ?”

ನರಸಿಂಹಮೂರ್ತಿಗಳು ರಿಸೀವರ್ ಇಟ್ಟು, ಮೇಲೆ ಕಸೂತಿ ಬಟ್ಟೆ ಹೊದಿಸಿದರು. ಬಂದರಿನ ಕೆಲಸದಿಂದ ನಿವೃತ್ತರಾದ ಅವರ ಮನೆಗೆ ಫೋನು ಬಂದು ಹದಿನೈದು ದಿನವಾಗಿತ್ತು. ಮಗಳು ರೇಣುಕಾ ಮೂರು ತಿಂಗಳ ಕೂಸನ್ನೆತ್ತಿಕೊಂಡು ವಿಜಯವಾಡಕ್ಕೆ, ಗಂಡನ ಮನೆಗೆ, ಹೋಗಿಯೂ ಅಷ್ಟೇ ದಿನ. ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂದು ದುರ್ಗಾಂಬ ಅಂದಿನಿಂದ ಹೇಳುತ್ತಲೇ ಇದ್ದರು.

ದುರ್ಗಾಂಬ: ಅವಳು ನಿಮ್ಮನ್ನ ಏನಂತ ಕರೆದಳು?

ನರಸಿಂಹಮೂರ್ತಿ: ನಾನ್ನಗಾರು ಅಂದಳು. ಅದಕ್ಕೇನೀಗ?

ದುರ್ಗಾಂಬ: ಹುಟ್ಟಿದಾಗಿನಿಂದ ಅಪ್ಪ ಅಂದವಳು. ಇವತ್ತು ತೆಲುಗು ಅಂದ್ರೆ ಪಕ್ಕದಲ್ಲಿ ಅತ್ತೆ ಇದ್ದಾರೆ.

ನರಸಿಂಹಮೂರ್ತಿ: ಇರಲಿ. ಅವರ ಮನೆ, ಅವರ ಕುರ್ಚಿ.

ದುರ್ಗಾಂಬ: ಸುಖವಾಗಿದ್ರೆ ನಮ್ಮ ರೇಣು ಕನ್ನಡದಲ್ಲಿ ಅರ್ಧ ಗಂಟೆ ಗೊಣಗ್ತಾಳೆ. ಸಾರು ಖಾರ, ಸೊಳ್ಳೆ ಜಾಸ್ತಿ, ಯಜಮಾನ್ರು ಆಟೋನಗರ್ ಗ್ಯಾರೇಜಿನಿಂದ ಗ್ರೀಸ್ ಕೈಯಲ್ಲೇ ಬಂದು ಮಗು ಎತ್ಕೋತಾರೆ ಅಂತ. ಇವತ್ತು ಒಂದೂ ದೂರಿಲ್ಲ. ಏನೋ ಆಗಿದೆ.

ನರಸಿಂಹಮೂರ್ತಿ: ಗೊಣಗೋದೇ ಆರೋಗ್ಯ ಅನ್ನೋದಾದ್ರೆ ಈ ಊರಲ್ಲಿ ನಿನ್ನಷ್ಟು ಗಟ್ಟಿಮುಟ್ಟಾದವರು ಯಾರೂ ಇಲ್ಲ.

ದುರ್ಗಾಂಬ: ಇನ್ನೊಂದ್ಸಲ ಮಾಡಿ ನೋಡಿ ಬೇಕಾದ್ರೆ.

ನರಸಿಂಹಮೂರ್ತಿ: ಮಾಡ್ತೀನಿ. ಕಷ್ಟ ಇದ್ರೆ ಒಂದ್ಸಲ ಕೆಮ್ಮು ಅಂತೀನಿ. ಕೆಮ್ಮು ಬಂದ್ರೆ ಹೋಗೋದು, ಬರದಿದ್ರೆ ನೀನು ಈ ಮಾತು ಎತ್ತೋ ಹಾಗಿಲ್ಲ.

ದುರ್ಗಾಂಬ: ಆಗಲಿ.

ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ದುರ್ಗಾಂಬ ರಿಸೀವರಿನ ಇನ್ನೊಂದು ಪಕ್ಕಕ್ಕೆ ಕಿವಿ ತಗುಲಿಸಿ ನಿಂತರು.

ನರಸಿಂಹಮೂರ್ತಿ: ರೇಣು, ನಾನೇ. ನೀನು ಮಾತಾಡಬೇಡ. ಕಷ್ಟ ಇದ್ರೆ ಸುಮ್ನೆ ಒಂದ್ಸಲ ಕೆಮ್ಮು.

ಅತ್ತಲಿಂದ ಒಂದು ಕೆಮ್ಮು ಬಂತು. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಸಾಲಾಗಿ ಐದಾರು. ಅಷ್ಟರಲ್ಲಿ ಲೈನು ಕಡಿದುಹೋಯಿತು. ಮತ್ತೆ ತಿರುಗಿಸಿದರೆ ಸಿಗಲಿಲ್ಲ. ದುರ್ಗಾಂಬ ಏನೋ ಹೇಳಲು ಬಾಯಿ ತೆರೆದವರು, ಗಂಡನ ಮುಖ ನೋಡಿ ಮುಚ್ಚಿಕೊಂಡರು.

ನರಸಿಂಹಮೂರ್ತಿ: ಒಂದ್ಸಲ ಅಂದ್ರೆ ಏಳು ಸಲ ಕೆಮ್ಮಿದಳು. ಏನೇನು ಅನುಭವಿಸ್ತಿದಾಳೋ. ನಾಳೆ ಬೆಳಗಿನ ಗಾಡಿಗೇ ಹೊರಡ್ತೀನಿ.

ದುರ್ಗಾಂಬ: ನಿಮ್ಮ ಸೊಂಟ?

ನರಸಿಂಹಮೂರ್ತಿ: ಸೊಂಟ ಹಾಳಾಗ್ಲಿ. ನೀನು ಇಲ್ಲೇ ಇರು. ಅವಳೇನಾದ್ರೂ ಫೋನು ಮಾಡಿದ್ರೆ ಎತ್ತೋಕೆ ಒಬ್ಬರು ಬೇಕು.

ದುರ್ಗಾಂಬ: ಎತ್ತೋಕೆ ನಂಗೆಲ್ಲಿ ಬರುತ್ತೆ? ಮೊನ್ನೆ ತಲೆಕೆಳಗು ಹಿಡ್ಕೊಂಡು ಹಲೋ ಅಂದಿದ್ದಕ್ಕೆ ಮೂರು ದಿನ ನಕ್ಕಿರಿ. ನಂಗೆ ಬರೋದು ರೈಲು ಹತ್ತೋದೊಂದೇ.

ಎಷ್ಟೋ ಹಡಗುಗಳನ್ನು ದಡಕ್ಕೆ ಕಟ್ಟಿಸಿದ್ದ ನರಸಿಂಹಮೂರ್ತಿಗಳು ತಾವೇ ಸ್ಟೂಲು ಹತ್ತಿ ಅಟ್ಟದಿಂದ ಬ್ಯಾಗು ಇಳಿಸಿಕೊಟ್ಟರು. ದುರ್ಗಾಂಬ ಎರಡು ಸೀರೆ ಇಟ್ಟರು. ಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿದ ಪುಡಿಯ ಸೀಸೆಯನ್ನೂ ಇಟ್ಟರು.

ನರಸಿಂಹಮೂರ್ತಿ: ಕಷಾಯದ ಪುಡಿ ಯಾರಿಗೆ?

ದುರ್ಗಾಂಬ: ಬೀಗಿತ್ತಿಗೆ. ಕೆಮ್ಮಿದ್ದು ಅವರು. ನಾಮಕರಣಕ್ಕೆ ಬಂದಾಗ ಎಂಟು ದಿನ ಪಕ್ಕದ ಮಂಚದಲ್ಲಿ ಮಲಗಿ ಕೇಳಿಲ್ವೆ ಆ ಕೆಮ್ಮನ್ನ. ಪಾಪ, ಫೋನಿನ ಪಕ್ಕದಲ್ಲೇ ಹಾಸಿಗೆ ಹಿಡಿದಿರಬೇಕು. ಕೂಸು, ಅತ್ತೆ, ಅಡುಗೆ ಎಲ್ಲ ಇವಳೊಬ್ಬಳ ಮೇಲೆ. ನಮಗೆ ತಿಳಿಸಿ ತೊಂದರೆ ಕೊಡಬೇಡ ಅಂತ ಆಯಮ್ಮನೇ ಅಂದಿರ್ತಾರೆ. ಬಲು ಮರ್ಯಾದೆಯವರು.

ನರಸಿಂಹಮೂರ್ತಿ: ಆಗಲೇ ಹೇಳೋಕೇನಾಗಿತ್ತು ನಿಂಗೆ?

ದುರ್ಗಾಂಬ: ಕೆಮ್ಮು ಬಂದ್ರೆ ಹೋಗೋದು ಅಂತ ಮಾತಾಗಿತ್ತು. ಯಾರ ಕೆಮ್ಮು ಅಂತ ಆಗಿರಲಿಲ್ಲ.

ನರಸಿಂಹಮೂರ್ತಿ: ಸರಿ. ನೀನು ಬರೋವರೆಗೆ ನನ್ನ ಊಟ?

ದುರ್ಗಾಂಬ ಒಂದು ಪಾವು ಅಕ್ಕಿ ಹಾಕಿದ ಪಾತ್ರೆಯನ್ನು ಅವರ ಕೈಗಿಟ್ಟರು.

“ಮೂರು ನೀರಲ್ಲಿ ತೊಳೀರಿ. ಕಾಳು ಚೆಲ್ಲಬೇಡಿ.”

ನರಸಿಂಹಮೂರ್ತಿಗಳು ಪಂಚೆ ಎತ್ತಿ ಕಟ್ಟಿಕೊಂಡು, ಕೊಳಾಯಿಯ ಮುಂದೆ ಕೂತು ಅಕ್ಕಿ ತೊಳೆಯತೊಡಗಿದರು.