ಬಾಲವಿದ್ದ ರೊಟ್ಟಿಯ ಪುನರ್ವಸತಿ

ಸಿಟ್ಟಿನ ಮನುಷ್ಯ ನಗೆಪಾಟಲಾಗಲು ಬೇರೆಯವರ ನೆರವು ಬೇಕಾಗುವುದಿಲ್ಲ. ನಾನು ಬನಹಟ್ಟಿಯ ಮಗ್ಗದವನು. ಶಾಲೆ ಅರ್ಧಕ್ಕೇ ಬಿಟ್ಟೆ. ಓದಿದ್ದು, ಕೂಗಿದ್ದು ಎಲ್ಲ ಸ್ವಂತವಾಗಿ ಕಲಿತದ್ದು. ಬೀಳಗಿ ಕಡೆ ಹಿನ್ನೀರಿನಲ್ಲಿ ಊರು ಮುಳುಗಿದವರ ಪರವಾಗಿ ಮೈಕು ಹಿಡಿದಿದ್ದೇನೆ. ಹೊಳೆಯ ಉಸುಕು ಕದಿಯುವ ಟ್ರ್ಯಾಕ್ಟರುಗಳಿಗೆ ಅಡ್ಡ ನಿಂತಿದ್ದೇನೆ. ಮೊನ್ನೆಮೊನ್ನೆಯವರೆಗೆ ಯಾವ ಅಧಿಕಾರಿಗೂ ‘ರೀ’ ಹಚ್ಚಿ ಮಾತಾಡಿದವನಲ್ಲ. ಇಂಥ ನನ್ನ ಮಾನವನ್ನು ಮೂರಾಬಟ್ಟೆ ಮಾಡಿದ್ದು ಒಂದು ಮೀನು.

೧. ಗೆದ್ದ ಧರಣಿ

ಮುಳುಗಡೆಯವರ ಸಭೆಗೆಂದು ಬೆಳಗಾವಿಗೆ ಹೋಗಿದ್ದೆ. ಬರುವ ದಾರಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿ. ಬಾಗಿಲ ಬಳಿಯ ಸಣ್ಣ ಗಾಜಿನ ಪೆಟ್ಟಿಗೆಯಲ್ಲಿ ಏನೋ ಚಪ್ಪಟೆಯಾಗಿ ಬಿದ್ದಿತ್ತು. ರೊಟ್ಟಿಯಷ್ಟು ಅಗಲ, ಮೈತುಂಬ ಹಂಚಿನ ಮೇಲೆ ಸುಟ್ಟಂಥ ಚುಕ್ಕೆ, ಹಿಂದೆ ಚಾವಟಿಯಂಥ ಬಾಲ. ಅದು ಎದ್ದು ಗಾಜಿಗೆ ಹೊಟ್ಟೆ ಹಚ್ಚಿತು. ಹೊಟ್ಟೆಯಲ್ಲಿ ಬಾಯಿ, ಆ ಬಾಯಿ ನಕ್ಕಂತೆ ಕಂಡಿತು.

“ಸ್ಟಿಂಗ್ ರೇ ಅಂತಾರ್ರಿ. ಸಿಹಿನೀರಿನ ಮೀನ. ಬಾಲದಾಗ ವಿಷದ ಮುಳ್ಳ ಐತಿ, ಮುಟ್ಟಬ್ಯಾಡ್ರಿ,” ಎಂದ ಅಂಗಡಿಯವ. “ಸಾಕಿದ ಮರಿ ಅಲ್ಲ. ದೂರದೇಶದ ಹೊಳ್ಯಾಗ ಹಿಡಿದು ವಿಮಾನದಾಗ ತಂದದ್ದು.”

ನನ್ನ ನೆತ್ತಿಗೆ ಬೆಂಕಿ ಹತ್ತಿತು. “ಹೊಳ್ಯಾಗ ಆರಾಮ ಇದ್ದ ಜೀವಾನ ಎತ್ತಿ ತಂದು ಇಷ್ಟ ಡಬ್ಬಿಯೊಳಗ ತುರುಕೀಯಲ್ಲ, ತಿರುಗಾಕರ ಜಾಗಾ ಐತೇನು ಅದಕ್ಕ?” ಎಂದು ಅಲ್ಲೇ ಬಾಗಿಲಲ್ಲಿ ಕುಳಿತೆ. ಜನ ಸೇರಿದರು. ಜನ ಸೇರಿದರೆ ನನ್ನ ದನಿ ತಾನೇ ಏರುತ್ತದೆ.

ಅಂಗಡಿಯವ ಸಮಾಧಾನದಿಂದ ಹೇಳಿದ, “ಅಷ್ಟ ಸಂಕಟ ಆದ್ರ ದೊಡ್ಡ ಜಾಗಾದಾಗ ನೀವ ಇಡ್ರಿ.”

“ಖರೆ ಐತಿ! ಒಯ್ರಿ, ಒಯ್ರಿ!” ಎಂದು ಜನ ಚಪ್ಪಾಳೆ ತಟ್ಟಿದರು. ಬೇಡ ಎನ್ನಲು ನಾಚಿಕೆಯಾಯಿತು. ಕೊಂಡೆ.

ಕುಳಿತ ತಕ್ಷಣ ಬೇಡಿಕೆ ಈಡೇರಿದ ಧರಣಿ ನನ್ನ ಜೀವನದಲ್ಲಿ ಅದೊಂದೇ. ಥರ್ಮಾಕೋಲ್ ಡಬ್ಬಿ ಹೊತ್ತು ಮೆಟ್ಟಿಲಿಳಿಯುವಾಗ ಅಂಗಡಿಯವ ಫೋನಿನಲ್ಲಿ ಅನ್ನುತ್ತಿದ್ದುದು ಕೇಳಿಸಿತು: “ಅದು ಹೋತು. ಅಂಥಾದ್ದ ಇನ್ನೊಂದ ಹಿಡದ ಕಳಸ್ರಿ.”

೨. ಬಸ್ಸಿನಲ್ಲಿ

ಬಸ್ಸು ಹತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರ್ ಗುರುತು ಹಿಡಿದ. ಹಿಡಿಯದೆ ಏನು? ಮುಧೋಳ ರಸ್ತೆಯಲ್ಲಿ ಅವನ ಬಸ್ಸನ್ನು ನಾನು ಎಷ್ಟು ಸಲ ಅಡ್ಡಗಟ್ಟಿಲ್ಲ!

“ಅಣ್ಣಾರ, ಡಬ್ಬಿಯೊಳಗ ಏನ್ರಿ?”

“ಮೀನ. ಜೀವಂತ ಐತಿ. ವಿಷದ ಮುಳ್ಳ ಐತಿ. ಸ್ವಲ್ಪ ಸಾವಕಾಶ ಹೊಡಿಯಾಕ ಹೇಳು.”

ಪಕ್ಕದ ಸೀಟು ಖಾಲಿಯಾಯಿತು. ಹಿಂದಿನದೂ ಆಯಿತು. ಕಂಡಕ್ಟರ್ ಎಲ್ಲರಿಗೂ ಕೇಳುವಂತೆ ಕೂಗಿದ, “ಡ್ರೈವರ್ ಸಾಹೇಬ್ರ, ಸಾವಕಾಶ! ಇಷ್ಟ ದಿನಾ ಹೊರಗ ನಿಂತ ಬಸ್ ನಿಲ್ಲಸ್ತಿದ್ರು. ಇವತ್ತ ಒಳಗ ಕುಂತ ನಿಲ್ಲಸಾಕತ್ತಾರ!”

೩. ರೇ ಮತ್ತು ರೀ

ಮಗ್ಗದ ಶೆಡ್ಡಿನ ಹಿಂದೆ ಮೊದಲು ನೂಲು ತೋಯಿಸುತ್ತಿದ್ದ ದೊಡ್ಡ ಸಿಮೆಂಟಿನ ತೊಟ್ಟಿ ಇದೆ. ತಿಕ್ಕಿ ತೊಳೆದು ನೀರು ತುಂಬಿದೆ. ಹೊಸ ನೀರು ಒಮ್ಮೆಲೇ ಒಗ್ಗುವುದಿಲ್ಲವೆಂದು ಅಂಗಡಿಯವ ಹೇಳಿದ್ದ. ಸಣ್ಣ ಪೈಪಿನಿಂದ ಡಬ್ಬಿಯೊಳಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಡುತ್ತ ಕುಳಿತೆ.

ಅವ್ವ ಬಂದಳು. “ಏನೋ ಅದು?”

“ಸ್ಟಿಂಗ್ ರೇ, ಯವ್ವಾ.”

ಅವ್ವನಿಗೆ ಕಿವಿ ಸ್ವಲ್ಪ ಮಂದ. “ಸ್ಟಿಂಗ ರೀ? ಸಾಹೇಬರಿಗೆ ರೀ ಅನ್ನಾಂವ ಅಲ್ಲ, ಹಡದ ಅಪ್ಪಗ ಅಂದಾಂವ ಅಲ್ಲ, ಮೀನಕ್ಕ ರೀ ಅಂತಿ?”

ಹೆಂಡತಿ ಒಳಗಿನಿಂದ, “ನಾ ದಿನಾ ಅವರಿಗೆ ರೀ ಅಂತೇನ್ರಿ ಅತ್ತಿ. ಬದಲಿಗೆ ಏನ್ ಬರ್ತೈತಿ? ಲೇ!”

ಅವ್ವ ಬಗ್ಗಿ ನೋಡಿದಳು. “ಮೀನ ಎಲ್ಲೈತಿ? ಇದು ಬಾಲ ಇದ್ದ ರೊಟ್ಟಿ.”

ಹೆಸರು ಅದೇ ನಿಂತಿತು. ಈಗ ಹೆಂಡತಿ ಊಟಕ್ಕೆ ಬಡಿಸುವಾಗ ಕೇಳುತ್ತಾಳೆ, “ಬಾಲಾ ಇದ್ದದ್ದ ಹಾಕ್ಲೇನ್ರಿ, ಇಲ್ಲದ್ದ?”

೪. ಒಂದು ಬುಟ್ಟಿ ಉಸುಕು

ಈ ಮೀನು ನೆಲದಲ್ಲಿ ಹುದುಗಿ ಮಲಗುವಂಥದು. ಬರಿ ಸಿಮೆಂಟಿನ ಮೇಲೆ ಹೊಟ್ಟೆ ಉಜ್ಜಿ ಕೆಂಪಾಗತೊಡಗಿತು. ಕಲ್ಲು ಒಡೆದು ಮಾಡುವ ಕ್ರಷರಿನ ಉಸುಕು ಚೂಪು, ಹೊಟ್ಟೆ ಸೀಳೀತು. ಬೇಕಾದದ್ದು ಹೊಳೆಯ ನುಣ್ಣನೆಯ ಉಸುಕು. ಅದು ಸಿಗದಂತೆ ಮಾಡಿದವನು ನಾನೇ.

ಕಡೆಗೆ ನಾನೇ ಹಿಂದೆ ತಡೆದಿದ್ದ ಟ್ರ್ಯಾಕ್ಟರಿನವನ ಮನೆಗೆ ಬುಟ್ಟಿ ಹಿಡಿದು ಹೋದೆ. ಅವನು ಬುಟ್ಟಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಬುಟ್ಟಿ ನೋಡಿದ.

“ಮನಿ ಕಟ್ಟಾಕತ್ತೀರೇನ್ರಿ?”

“ಇಲ್ಲೋ. ಮೀನಕ್ಕ ಹಾಸಾಕ.”

ಅವನು ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಬುಟ್ಟಿ ತುಂಬಿ, ಮೇಲೆ ಗೋಣಿ ಮುಚ್ಚಿ, ನನ್ನ ತಲೆಯ ಮೇಲಿಡುತ್ತ ಪಿಸುಗುಟ್ಟಿದ, “ಹಿತ್ತಲ ಹಾದಿ ಹಿಡೀರಿ ಅಣ್ಣಾರ. ಮುಂದ ಯಾರರ ಹೋರಾಟಗಾರರು ನಿಂತಿರ್ತಾರ.”

೫. ಉಪವಾಸ

ಉಸುಕಿನಲ್ಲಿ ಹುದುಗಿತು, ಉಣ್ಣಲೊಲ್ಲದು. ಅಂಗಡಿಯಲ್ಲಿ ಮಾರುವ ಮೀನಿನ ಕಾಳು ಹಾಕಿದೆ. ಹೊಳೆಯಲ್ಲಿ ಜೀವಂತ ಹುಳ ಹುಡುಕಿ ತಿಂದ ಪ್ರಾಣಿಗೆ ಕಾಳು ಊಟವೆಂದೇ ಗೊತ್ತಿರಲಿಲ್ಲ. ದಿನದಿನಕ್ಕೆ ಸೊಂಟದ ಎಲುಬು ಎದ್ದು ಕಾಣತೊಡಗಿತು. ಹೀಗೇ ಬಿಟ್ಟರೆ ಸಾಯುತ್ತದೆ. ನಾನು ತಂದು ಕೊಂದಂತಾಗುತ್ತದೆ.

ಓಣಿಯವರು ಬಂದು ಬಗ್ಗಿ ನೋಡಿದರು. “ಉಪವಾಸ ಕುಂತೈತಲ್ಲೋ. ಬೇಡಿಕಿ ಏನಂತ?” ಎಂದು ಒಬ್ಬ ಕೇಳಿದ. “ಯಾರ ಮನ್ಯಾಗ ಐತಿ ನೋಡು, ಮತ್ತೇನ್ ಕಲೀತೈತಿ?” ಎಂದ ಇನ್ನೊಬ್ಬ.

ಊರಾಚೆಯ ಕಬ್ಬಿನ ಹೊಲಕ್ಕೆ ಹೋಗಿ ಎರೆಹುಳ ಅಗೆದು ತಂದೆ. ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆ. ಹುಳದ ಡಬ್ಬಿ ಹಿತ್ತಲ ಬಾಗಿಲಿನಿಂದ ಬರುವಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಬೋರಲು ಮಲಗಿ, ಹುಳ ಹಿಡಿದ ಕೈಯನ್ನು ನೀರಿನ ಮೇಲೆ ಚಾಚಿದೆ. ಮೀನು ಅಲ್ಲಾಡಲಿಲ್ಲ. ಕಿವಿ ಮಂದದ ಅವ್ವನ ಹೊರತು ಯಾರೂ ಇಲ್ಲವೆಂದು ಬಾಯಿಬಿಟ್ಟೆ: “ತಿನ್ರೀ. ಒಂದ ತುತ್ತ ತಿನ್ರೀ. ತಪ್ಪ ಆತ್ರೀ, ನಿಮ್ಮ ಕಾಲ ಬೀಳ್ತೇನ್ರೀ.”

ಹಿಂದೆ ಯಾರೋ ಕೆಮ್ಮಿದರು. ಬೀಳಗಿ ತಾಲ್ಲೂಕಿನ ದೊಡ್ಡ ಅಧಿಕಾರಿ! ಮುಳುಗಡೆಯವರ ಪುನರ್ವಸತಿ ಕೇಂದ್ರಕ್ಕೆ ಇನ್ನೂ ಬಾರದ ಕುಡಿಯುವ ನೀರಿಗಾಗಿ ನಾನು ಸಾರಿದ್ದ ಧರಣಿಯನ್ನು ಕೈಬಿಡಿಸಲು ಬಂದಿದ್ದರು. “ನಮಗ ಎಂದೂ ಸಿಗದ ಮರ್ಯಾದಿ ಯಾರಿಗೆ ಸಿಗಾಕತ್ತೈತಿ ಅಂತ ನೋಡಿದೆ,” ಎಂದರು.

ಬೆಚ್ಚಿಬಿದ್ದೆ. ಹುಳ ಕೈಜಾರಿ ನೀರಿಗೆ ಬಿತ್ತು. ಉಸುಕು ಅಲುಗಿತು. ರೊಟ್ಟಿ ಎದ್ದು ಹುಳದ ಮೇಲೆ ಕವುಚಿಕೊಂಡಿತು. ಸರಿದಾಗ ಹುಳ ಇರಲಿಲ್ಲ.

“ತಿಂತ್ರೀ ಸಾಹೇಬ್ರ! ನೋಡ್ರೀ, ತಿಂತ್ರೀ!” ಎಂದು ಕುಣಿದೆ. ಬಾಯಿಂದ ಹೊರಬಿದ್ದ ‘ರೀ’ ಹಿಂದಕ್ಕೆ ಬರಲಿಲ್ಲ.

ಗೋಡೆಯ ಕಡೆ ಮುಖ ಮಾಡಿಯೇ ಅವ್ವ ಅಂದಳು, “ಸರಕಾರ ಬರೂತನಕಾ ಕಾಯ್ದು ಉಪವಾಸ ಬಿಡ್ತು. ಥೇಟ್ ನನ್ನ ಮಗಾನ.”

೬. ಮೈಕು

ಧರಣಿ ಕೈಬಿಡಲಿಲ್ಲ. ಆದರೆ ಮೀನಿನ ಸುದ್ದಿ ನನಗಿಂತ ಮೊದಲೇ ಬೀಳಗಿ ಮುಟ್ಟಿತ್ತು. ಅಧಿಕಾರಿ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾನು ಎಂದಿನ ಭಾಷಣ ಎತ್ತಿದೆ: “ಹೊಳೀ ದಂಡಿ ಮ್ಯಾಲೆ ಆರಾಮ ಇದ್ದ ಜೀವಗೋಳನ್ನ ಎತ್ತಿ ತಂದ್ರು, ತಂದು...”

“ತೊಟ್ಟಿಯೊಳಗ ಬಿಟ್ರು!” ಎಂದು ಹಿಂದಿನಿಂದ ಒಬ್ಬ ಕೂಗಿದ.

ಪೆಂಡಾಲೇ ನಕ್ಕಿತು. ಪೊಲೀಸರು ನಕ್ಕರು. ಅಧಿಕಾರಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಕೂಗಿದವನು ಹೇಳಿದ್ದು ಖರೆ ಇತ್ತು. ತಲೆ ತಗ್ಗಿಸಿ ಮೈಕು ಕೆಳಗಿಟ್ಟೆ.

ಆಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಪುನರ್ವಸತಿ ಕೇಂದ್ರದ ಮುದುಕಿಯೊಬ್ಬಳು, ಖಾಲಿ ಕೊಡ ಪಕ್ಕಕ್ಕಿಟ್ಟು, ಸೆರಗು ಕೊಡವಿ ಎದ್ದಳು. ಅಧಿಕಾರಿಯ ಕಡೆಗೇ ತಿರುಗಿ ಅಂದಳು:

“ಅವಗ್ಯಾಕ ನಗ್ತೀರಿ? ಅಂವಾ ಮೀನಕ್ಕ ಮೊದಲ ನೀರ ತುಂಬಿ, ಆಮ್ಯಾಲೆ ತಂದ ಬಿಟ್ಟಾನ್ರೀ.”

ಅಧಿಕಾರಿಯ ನಗು ನಿಂತಿತು. ನನ್ನ ಭಾಷಣ ಮೊದಲೇ ನಿಂತಿತ್ತು.