ಯಜಮಾನನ ಸೇತುವೆ

ಗೋಂದಿನ ಡಬ್ಬಿಗೆ ಮುಚ್ಚಳ ಹಾಕಿಡುವುದು ಮಹಾ ತಪಸ್ಸೇನೂ ಅಲ್ಲ. ಆದರೂ ಹಿಂದಿನ ದಿನ ಅದನ್ನು ಯಾರೂ ಹಾಕಿರಲಿಲ್ಲ. ಬೆಳಗಾಗುವಷ್ಟರಲ್ಲಿ ಗೋಂದು ಕಲ್ಲಾಗಿತ್ತು. ಡಬ್ಬಿಯನ್ನು ತಲೆಕೆಳಗು ಮಾಡಿ ಕುಟ್ಟಿದರೂ ಸಮಾಧಿಸ್ಥನಾದ ಮುನಿಯಂತೆ ಮಿಸುಕದೆ ಕುಳಿತಿತ್ತು. ಮೇಜಿನ ಮೇಲೆ ಮರದ ಪಟ್ಟಿಗಳಿಂದ ಕಟ್ಟಿದ ಕಾಲುಸೇತುವೆಯ ಮಾದರಿ ಒಂದು ಬದಿಯ ಕಟಕಟೆಯಿಲ್ಲದೆ ಬೋಳಾಗಿ ನಿಂತಿತ್ತು. ಅದನ್ನು ನೋಡಲು ಮಧ್ಯಾಹ್ನ ಹೊರಗಿನಿಂದ ಪರೀಕ್ಷಕಿ ಬರುವವರಿದ್ದರು.

ಎಂಜಿನಿಯರಿಂಗ್ ಕೊನೆಯ ವರ್ಷದ ನಾಲ್ವರ ಆ ತಂಡದ ಮುಂದಾಳುವನ್ನು ಎಲ್ಲರೂ ‘ಯಜಮಾನ’ ಎಂದೇ ಕರೆಯುತ್ತಿದ್ದರು. ಯಜ್ಞದಲ್ಲಾದರೆ ದುಡಿಮೆ ಪುರೋಹಿತರಾದ ಋತ್ವಿಜರದು, ಫಲ ಯಜಮಾನನದು. ಈ ಯಜಮಾನನಿಗೆ ದುಡಿಮೆಯೆಲ್ಲ ಆಗಲೇ ದಕ್ಕಿತ್ತು, ಫಲವೊಂದು ಬಾಕಿಯಿತ್ತು. ‘ಯೋಜನಾ ನಿರ್ವಹಣೆ ಮತ್ತು ವೃತ್ತಿಪರ ನಡವಳಿಕೆ’ ಎಂಬ ಈ ವಿಷಯದಲ್ಲಿ ಪಾಸಾದರೆ ಸೋಮವಾರದಿಂದ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಕೆಲಸ. ಇಲ್ಲವಾದರೆ ಆ ಕೆಲಸ ಬೇರೆಯವನಿಗೆ.

“ಯಾರೋ ಮುಚ್ಚಳ ಹಾಕದೆ ಹೋದೋನು?”

ಗೋಡೆಗೊರಗಿದ್ದ ‘ತೂಕಡಿಕೆ’ ಒಂದು ಕಣ್ಣನ್ನು ಮಾತ್ರ ತೆರೆದ. “ನಾನೇ ಇರ್ಬೇಕು ಕಣೋ. ನಿದ್ದೆ ಎಳೀತಿತ್ತು.”

“ಹೋಗಿ ಹೊಸದು ತಗೊಂಬಾ.”

“ಹೋಗ್ತೀನಿ, ಅದಕ್ಕೇನು. ಆದ್ರೆ ನಾನು ಯಾವ್ದೋ ಒಂದು ತಂದ್ಬಿಡ್ತೀನಿ. ನಿನ್ ಥರ ನೋಡಿ ಆರಿಸೋಕೆ ಯಾರಿಗೆ ಬರುತ್ತೆ ಹೇಳು?”

ಮಾತೇನೋ ನಿಜ. ಕಳೆದ ಸಲ ಅವನು ಗೋಂದೆಂದು ತಂದದ್ದು ಬೂಟ್ ಪಾಲಿಶ್. ಯಜಮಾನ ಚಪ್ಪಲಿ ಮೆಟ್ಟಿದ.

ಹಾರ್ಡ್‌ವೇರ್ ಅಂಗಡಿಯವನು ಸುಮ್ಮನೆ ಡಬ್ಬಿ ಕೊಡುವ ಜಾತಿಯವನಲ್ಲ. “ಯಾವುದಕ್ಕಪ್ಪಾ ಇದು?”

“ಸೇತುವೆಗೆ.”

“ಗೋಂದಲ್ಲಿ ಸೇತುವೆ ಕಟ್ತೀರಾ? ಯಾವ ರಸ್ತೇಲಿ ಅಂತ ಮೊದ್ಲೇ ಹೇಳ್ಬಿಡಿ, ಆ ಕಡೆ ಹೋಗಲ್ಲ.”

ಯಜಮಾನ ನಗುವಷ್ಟು ತ್ರಾಣವನ್ನೂ ಉಳಿಸಿಕೊಂಡಿರಲಿಲ್ಲ. ಹಿಂದಿರುಗಿ ಕಟಕಟೆ ಅಂಟಿಸುವ ಹೊತ್ತಿಗೆ ‘ಮಾತುಗಾರ’ ಬರಿಗೈಯಲ್ಲಿ ಬಂದ. ಗೋಡೆಗೆ ಹಚ್ಚುವ ನಕ್ಷೆಗಳ ಪ್ರಿಂಟ್ ತರುವುದು ಅವನ ಪಾಲಿನದು.

“ಅಲ್ಲಿ ಜಾತ್ರೆ ಥರ ಜನ ಗುರೂ. ನೀನು ಹೋದ್ರೆ ಅವನು ಎದ್ದು ನಿಂತು ಕೊಡ್ತಾನೆ. ನಿನ್ ಮುಖಕ್ಕೆ ಒಂದು ಬೆಲೆ ಇದೆ.”

ಆ ಬೆಲೆಬಾಳುವ ಮುಖ ಬೆವರೊರೆಸಿಕೊಂಡು ಪ್ರಿಂಟ್ ಅಂಗಡಿಗೆ ಹೋಯಿತು. ದಾರಿಯಲ್ಲಿ ‘ನೆಂಟ’ನ ಫೋನು ಬಂತು. ಬಂಧುಬಳಗದವರ ಕಾಯಿಲೆಗಳಿಂದಲೇ ರಜೆ ಸಂಪಾದಿಸುತ್ತಿದ್ದವನು ಅವನು. “ದೊಡ್ಡಮ್ಮಂಗೆ ಮಂಡಿನೋವು ಕಣೋ. ಸೇತುವೆ ಮೇಲೆ ಭಾರಕ್ಕಿಡೋ ಆ ಮರಳಿನ ಚೀಲ ನೀನೇ ಎತ್ಕೊಂಡ್ಬಿಡ್ತೀಯಾ? ನಿನ್ ತೋಳು ಗಟ್ಟಿ.”

ಲಿಫ್ಟು ಕೆಟ್ಟಿತ್ತು. ಯಜಮಾನ ಮರಳಿನ ಚೀಲವನ್ನು ಪರೀಕ್ಷೆ ನಡೆಯುವ ಮೇಲಿನ ಮಹಡಿಗೆ ಹೊತ್ತ; ಇಳಿದು ಬಂದು ಸೇತುವೆಯನ್ನು ಹೊತ್ತ. ಅಷ್ಟರಲ್ಲಿ ದೊಡ್ಡಮ್ಮನ ಮಂಡಿಗೂ ಆರಾಮವಾಗಿದ್ದರಿಂದ ಮೂವರೂ ಮುಂದೆ ನಡೆಯುತ್ತ “ಎಡಕ್ಕೆ, ಎಡಕ್ಕೆ!” “ಮೆಲ್ಲಗೆ!” ಎಂದು ಭಕ್ತಿಯಿಂದ ದಾರಿ ತೋರಿದರು. ಮೇಲೆ ತಲುಪಿ ಉಸಿರು ಬಿಡುವಾಗ ಅಕ್ಕ ಫೋನು ಮಾಡಿದಳು.

“ತಿಂದ್ಯೇನೋ ಪುಟ್ಟ?”

“ಆಮೇಲಕ್ಕಾ.”

“ಭಾವ ಆ ಕಂಪನಿಯೋರಿಗೆ ಮಾತು ಕೊಟ್ಟಿದಾರೆ. ಇದೊಂದು ಪಾಸಾಗ್ಬಿಡೋ.”

ಪರೀಕ್ಷಕಿ ಮಿತಭಾಷಿ. ಮರಳಿನ ಚೀಲವನ್ನು ಸೇತುವೆಯ ನಡುವೆ ಇಡಿಸಿದರು. ಸೇತುವೆ ‘ಕಿರ್’ ಎಂದಿತು, ಆದರೆ ಬಗ್ಗಲಿಲ್ಲ. ಯಜಮಾನನ ಕಣ್ಣಲ್ಲಿ ನೀರಾಡಿತು.

“ಚೆನ್ನಾಗಿದೆ. ಯಾರ್ಯಾರು ಏನೇನು ಮಾಡಿದ್ರಿ?”

ಮಾತುಗಾರನ ಎದೆಯಲ್ಲಿ ಎಂದೂ ಇಲ್ಲದ ಕೃತಜ್ಞತೆ ಉಕ್ಕಿತು. “ಸುಳ್ಳು ಹೇಳಲ್ಲ ಮೇಡಂ. ಎಲ್ಲಾ ಇವನೊಬ್ಬನೇ ಮಾಡಿದ್ದು. ನಾವು ಕೈಯೇ ಹಾಕಿಲ್ಲ.”

“ದೇವರಾಣೆ ಮೇಡಂ,” ಎಂದು ತೂಕಡಿಕೆ ಪೂರ್ತಿ ಎಚ್ಚರಗೊಂಡು ಸಾಕ್ಷಿ ನುಡಿದ.

“ಹಾಗಾದ್ರೆ ಇವರ ಕೈಲಿ ಹೇಗೆ ಮಾಡ್ಸಿದ್ರಿ?”

“ಹೊಗಳ್ತಿದ್ವಿ ಮೇಡಂ. ಮಾಡ್ತಿದ್ದ.”

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ತಕ್ಕವನನ್ನ ಗುರುತಿಸಿದೀರಿ, ಬೇಜಾರಾಗದ ಹಾಗೆ ನೋಡ್ಕೊಂಡಿದೀರಿ, ಹೇಳಿದ ಹೊತ್ತಿಗೆ ಕೆಲಸ ಮುಗಿಸಿದೀರಿ. ನೀವು ಮೂರೂ ಜನ ಪಾಸು.” ಆಮೇಲೆ ಯಜಮಾನನ ಕಡೆ ತಿರುಗಿದರು. “ನಿಮ್ಮ ಕೈಕೆಲಸ ಅಪರೂಪದ್ದಪ್ಪಾ. ಆದ್ರೆ ಈ ಪೇಪರ್ ಇರೋದು ಕೆಲಸ ಮಾಡೋದಕ್ಕಲ್ಲ, ಮಾಡ್ಸೋದಕ್ಕೆ.”

ಯಜಮಾನನ ಮುಖ ಕಂಡು ಅವರಿಗೂ ಕನಿಕರವಾಯಿತು. “ಇನ್ನೊಂದು ಅವಕಾಶ ಕೊಡ್ತೀನಿ. ಈ ಸೇತುವೆ ಕೆಳಗಿನ ಸ್ಟೋರ್‌ಗೆ ಹೋಗ್ಬೇಕು. ನೀವು ಬೆರಳೂ ತಾಗಿಸದೆ ಇವರ ಕೈಲೇ ಇಳಿಸ್ಬೇಕು. ಇಳಿಸಿದ್ರೆ ನೀವೂ ಪಾಸು.”

“ಎತ್ರೋ!” ಎಂದ ಯಜಮಾನ.

“ನಾವು ಪಾಸಾದ್ವಲ್ಲೋ,” ಎಂದ ನೆಂಟ ನಿಷ್ಕಪಟವಾಗಿ.

“ನಿಮ್ಮ ಕಾಲಿಗೆ ಬೀಳ್ತೀನಿ, ಎತ್ರಪ್ಪಾ!”

ಕಾಲಿಗೆ ಬೀಳುವವರೆಗೆ ಅವರು ಕಾಯಲಿಲ್ಲ, ಸ್ನೇಹಿತರೇ ಅಲ್ಲವೇ. ಎತ್ತಿದರು. ಯಜಮಾನ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ಹೆಜ್ಜೆಹೆಜ್ಜೆಗೂ ಬೆವರುತ್ತ ಹಿಂಬಾಲಿಸಿದ. ಪರೀಕ್ಷಕಿ ಮೇಲೆ ನಿಂತು ನೋಡುತ್ತಿದ್ದರು. ಮೆಟ್ಟಿಲ ತಿರುವಿನಲ್ಲಿ ತೂಕಡಿಕೆ ಆಕಳಿಸಿದ. ಆಕಳಿಸುವಾಗ ಬಾಯಿ ಮುಚ್ಚಿಕೊಳ್ಳಬೇಕೆಂಬ ಸೌಜನ್ಯದಿಂದ ಒಂದು ಕೈ ಬಿಟ್ಟ. ಸೇತುವೆ ವಾಲಿತು. ಕಟಕಟೆ ಗೋಡೆಯತ್ತ ಧಾವಿಸಿತು.

ಯಜಮಾನನ ಕೈಗಳು ಅವನನ್ನು ಕೇಳಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಸೇತುವೆ ಅವನ ತೋಳುಗಳಲ್ಲಿ ಹಸುಗೂಸಿನಂತೆ ಕ್ಷೇಮವಾಗಿತ್ತು.

ಮೇಲಿನಿಂದ ಪರೀಕ್ಷಕಿ ಪೆನ್ನಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

ಆಗಲೇ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎರಡು ಕೈಗೂ ಬಿಡುವಿರಲಿಲ್ಲ. ಮಾತುಗಾರ ತಾನೇ ತೆಗೆದು ಕಿವಿಗಿಟ್ಟ. “ಅಕ್ಕಾ, ನಾನವನ ಫ್ರೆಂಡು. ಅವನಿಗೆ ಈಗ ಮಾತಾಡೋಕಾಗಲ್ಲ, ಸೇತುವೆ ಇಳಿಸ್ತಾ ಇದಾನೆ.”

“ಅಯ್ಯೋ, ಒಬ್ಬನೇನಾ?”

“ಛೇ ಛೇ, ಒಬ್ಬನೇ ಯಾಕಕ್ಕಾ? ನಾವು ಮೂರೂ ಜನ ಜೊತೇಲೇ ಇದೀವಲ್ಲ.”