ಗೌಡರ ಅಂಬೆಗಾಲು

ಧರ್ಮರಾಜ ಗೌಡರ ಮೊಮ್ಮಗಳು ಹತ್ತು ತಿಂಗಳಾದರೂ ಅಂಬೆಗಾಲಿಡಲಿಲ್ಲ. ತಪ್ಪು ಮಗುವಿನದಲ್ಲ. ನೆಲಕ್ಕೆ ಬಿಟ್ಟರೆ ಅದರ ಮೊಣಕಾಲಡಿ ಸಿಕ್ಕಿ ಇರುವೆ ಸಾಯುತ್ತದೆಂದು ಜೈನರಾದ ಗೌಡರು ಅದನ್ನು ಕಂಕುಳಿನಿಂದ ಇಳಿಸಿದ್ದೇ ಇಲ್ಲ.

"ಹೀಗೇ ಆದ್ರೆ ನಾಳೆ ಮಗುನ ತವರಿಗೆ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ ಮಾವ," ಎಂದಳು ಸೊಸೆ ಸುಪ್ರಿಯಾ, ಕೆಲಸಕ್ಕೆ ಹೊರಡುತ್ತ. "ಅಲ್ಲಿ ಆಡ್ಸೋರಿದ್ದಾರೆ, ಮಾತಾಡ್ಸೋರಿದ್ದಾರೆ."

ಹೆಂಡತಿ ಪದ್ಮಾವತಿ ತೀರಿಕೊಂಡ ಮೇಲೆ ಹಗಲೆಲ್ಲ ಗೌಡರಿಗೆ ಜೊತೆಯೆಂದರೆ ಆ ಮಗು ಒಂದೇ. ಅದನ್ನೆತ್ತಿಕೊಂಡು ಅಂಗನವಾಡಿಯ ಲತಿಕ ಟೀಚರ ಬಳಿಗೆ ಓಡಿದರು.

"ಮೊದ್ಲು ನೆಲಕ್ಕೆ ಬಿಡಿ ಗೌಡ್ರೆ," ಎಂದಳು ಆಕೆ. "ಕೈಗೆ ಎಟುಕದ ಹಾಗೆ ಲೋಟನೋ ಸೌಟೋ ಇಡಿ. ಏನಾದ್ರೂ ಮಾತಾಡ್ತಾ ಇರಿ. ಮಾತು ಕೇಳದೆ ಮಗು ಮಾತು ಕಲಿಯೋದು ಹೇಗೆ?"

ಗೌಡರು ಮೆತ್ತನೆಯ ಪೊರಕೆಯಿಂದ ಇರುವೆಗಳನ್ನೆಲ್ಲ ಅಂಗಳಕ್ಕೆ ಬೀಳ್ಕೊಟ್ಟು ಮಗುವನ್ನು ಚಾಪೆಯ ಮೇಲೆ ಕೂರಿಸಿದರು. "ಇದು ಲೋಟ," ಎಂದರು. ಮುಂದಿನ ಮಾತು ಹೊಳೆಯಲಿಲ್ಲ. "ಹೂಂ... ಲೋಟವೇ." ಮಗು ಮೆಣಸಿನ ಮೂಟೆಯಂತೆ ಕೂತೇ ಇತ್ತು.

ನೋಡಿಯಾದರೂ ಕಲಿಯಲೆಂದು ಗೌಡರು ಪಂಚೆ ಎತ್ತಿ ಕಟ್ಟಿ ತಾವೇ ಅಂಬೆಗಾಲಿಗಿಳಿದರು.

ಪಕ್ಕದ ಮನೆಯ ಮಲಯಾಳಿ ರಾಜನ್ ಬಾಗಿಲಲ್ಲಿ ಇಣುಕಿ ಗಾಬರಿಯಾದ. "ಚೇಟ್ಟಾ, ನಡು ಹಿಡ್ಕೊಳ್ತಾ? ಡಾಕ್ಟ್ರನ್ನ ಕರೀಲಾ?" ಎನ್ನುತ್ತ ಎತ್ತಲು ಬಗ್ಗಿದ.

"ಸುಮ್ನೆ ನೀನೂ ಅಂಬೆಗಾಲಿಡು ಮಾರಾಯ. ಮಗು ನೋಡ್ತಿದೆ."

ರಾಜನ್ ಕೂಡ ಅಂಬೆಗಾಲಿಗಿಳಿದ. ಅಷ್ಟರಲ್ಲಿ ಗದ್ದೆ ಕೆಲಸದ ವೆಳ್ಳಚ್ಚಿ ಬಂದಳು. "ಏನ್ ಕಳ್ದೋಯ್ತು ಗೌಡ್ರೆ, ಕನ್ನಡಕನಾ?" ಎಂದವಳು ಉತ್ತರಕ್ಕೂ ಕಾಯದೆ ಮಂಚದಡಿ ನುಸುಳಿ, "ಇಲ್ಲಿಲ್ಲ ಕಣ್ರೀ," ಎಂದು ಹೊರಬರುವಾಗ ರಾಜನ್‌ನ ತಲೆಗೆ ಡಿಕ್ಕಿ ಹೊಡೆದಳು. ಮಗು ಕೂತಲ್ಲೇ ಚಪ್ಪಾಳೆ ತಟ್ಟಿತು.

"ನಾವು ಸರ್ಕಸ್ಸಿನೋರಾ ಮೋಳೇ?" ಎಂದು ಮಗುವನ್ನು ಕೇಳಿ ರಾಜನ್ ಹಣೆ ಉಜ್ಜಿಕೊಂಡು ಹೊರಟ. ವೆಳ್ಳಚ್ಚಿಯೂ ನಗುತ್ತ ಹೋದಳು.

ಹೊತ್ತು ಇಳಿಯಿತು. ಸೂರ್ಯ ಮುಳುಗಿದ ಮೇಲೆ ಗೌಡರು ತುತ್ತು ಮುಟ್ಟುವವರಲ್ಲ. ಗಂಜಿ, ಹೆಸರುಕಾಳಿನ ಪಲ್ಯ ಬಡಿಸಿಕೊಂಡು ಚಾಪೆಯ ಆಚೆ ಸೋತು ಕೂತರು.

"ನಿಮ್ಮಜ್ಜಿ ಇದ್ದಿದ್ರೆ ಇದಕ್ಕೆ ತುಪ್ಪ ಬಿಡ್ತಿದ್ಲು," ಎಂದರು ಮೆಲ್ಲಗೆ. "ಬಿಟ್ಟು, ಸಾಕಾ ಅಂತ ಕೇಳ್ತಿದ್ಲು. ಸಾಕು ಅಂದ್ರೂ ಬಿಡ್ತಿದ್ಲು..." ವರ್ಷದಿಂದ ಗಂಟಲಲ್ಲೇ ನಿಂತಿದ್ದ ಮಾತು ತೂಬು ತೆಗೆದಂತೆ ಹರಿಯಿತು. ಅಜ್ಜಿಯ ಬೈಗುಳ, ಅಜ್ಜಿಯ ಪೂಜೆ, ಅಜ್ಜಿಯ ಹಲಸಿನ ಹಪ್ಪಳ. ಕೈ ತಟ್ಟೆಯಲ್ಲೇ ಮರೆತುಹೋಯಿತು.

ಮೊಣಕಾಲಿಗೆ ಏನೋ ತಗುಲಿತು. ನೋಡಿದರೆ ಮಗು. ಚಾಪೆ ದಾಟಿ, ಲೋಟ ದಾಟಿ, ಮಾತಿನ ಜಾಡು ಹಿಡಿದು ಬಂದಿತ್ತು. ಗೌಡರ ಬಾಯಿ ಮುಚ್ಚುವ ಮೊದಲೇ ಎರಡೂ ಅಂಗೈಯಿಂದ ತಟ್ಟೆ ಬಡಿದು, "ಜ್ಜ ಜ್ಜ ಜ್ಜ" ಎಂದಿತು. ಗಂಜಿ ನೆಲದ ಪಾಲಾಯಿತು. ಸೂರ್ಯ ಬೆಟ್ಟದ ಪಾಲಾದ.

ಸುಪ್ರಿಯಾ ಬಂದಾಗ ತಟ್ಟೆಯಿಂದ ಹೊಸ್ತಿಲವರೆಗೆ ಗಂಜಿಯ ಪುಟ್ಟ ಅಂಗೈಗುರುತು, ಕೊನೆಯಲ್ಲಿ ಮಗು. ಗೌಡರಿಂದ ನಡೆದದ್ದು ಕೇಳಿ ಬಾಚಿ ಎತ್ತಿಕೊಂಡಳು. "ಇನ್ನು ತವರ್ಯಾಕೆ ಮಾವ, ಇಲ್ಲೇ ಇರ್ಲಿ. ಆದ್ರೆ ನಾಳೆನೂ ಇದೇ ಹೊತ್ತಿಗೆ ಹೀಗೇ ಊಟಕ್ಕೆ ಕೂತ್ಕೊಳ್ಳಿ. ಅಮ್ಮಂಗೆ ವಿಡಿಯೋ ಕಳಿಸ್ಬೇಕು."

"ಆಗ್ಲಮ್ಮ," ಎಂದರು ಗೌಡರು, ಹಸಿದ ಹೊಟ್ಟೆ ಸವರಿಕೊಂಡು. "ನಾಡಿದ್ದಾದ್ರೂ ಉಣ್ಣೋಕೆ ಬಿಡಿ."

ನೆಲ ಒರೆಸಲು ಬಗ್ಗಿದವರು ಹಾಗೇ ನಿಂತರು. ಬೆಳಿಗ್ಗೆ ಬೀಳ್ಕೊಟ್ಟಿದ್ದ ಇರುವೆಗಳು ಸಾಲುಗಟ್ಟಿ ಬಂದು ಗಂಜಿಗೆ ಕೂತಿದ್ದವು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮ ಅವಕ್ಕಿರಲಿಲ್ಲ.